ಅಣ್ಣಿಗೇರಿ ಕಡ್ಲಿಗೆ ಜೀವ ಕೊಟ್ಟ ಹಳೇ ಬೀಜ

ಹುಬ್ಬಳ್ಳಿ–ಗದಗ ಬಸ್ಸಿನಲ್ಲಿ ಪುಟಾಣಿ ಚುರುಮುರಿ ತಿನ್ನುತ್ತ ಹೋಗುವವರಿಗೆ ಅಣ್ಣಿಗೇರಿ ಅಂದರೆ ಒಂದು ನಿಲ್ದಾಣ. ಆಂಧ್ರದ ಎರಿ ಹೊಲದ ರೈತರಿಗೆ ಮಾತ್ರ ಒಂದು ಕಾಲಕ್ಕೆ ಅದು ಊರಲ್ಲ, ಕಡ್ಲಿ. 1970ರ ದಶಕದ ಕೊನೆಗೆ ಬಿಡುಗಡೆಯಾದ ಅಣ್ಣಿಗೇರಿ-1 ತಳಿ ಅಷ್ಟು ದೂರ ಹೆಸರು ಮಾಡಿತ್ತು. ನೂರು ದಿನದೊಳಗೆ ಕೈಗೆ ಬರುವ ಬೆಳೆ, ಹಿಂಗಾರಿಯ ತೇವ ಆರುವುದರೊಳಗೆ ಕಾಳು ಕಟ್ಟಿಬಿಡುತ್ತಿತ್ತು.

ಕೆಡಿಸಿದ್ದು ಸೊರಗು ರೋಗ. ಹಚ್ಚಗೆ ನಿಂತ ಗಿಡ ನಾಲ್ಕು ದಿನದಲ್ಲಿ ಜೋತು ಬೀಳುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕರಿ ಗೆರೆ. ಇದರ ಶಿಲೀಂಧ್ರ ಕಡ್ಲಿ ಬಿತ್ತದಿದ್ದರೂ ಐದಾರು ವರ್ಷ ಮಣ್ಣಿನಲ್ಲೇ ಕೂತಿರುತ್ತದೆ. ರೈತ ಏನು ಮಾಡಬೇಕು? ರೋಗ ತಡೆಯುವ ಜೆಜಿ-11 ಬಂತು, ಅಣ್ಣಿಗೇರಿ ಹಿಂದೆ ಸರಿಯಿತು. ತಪ್ಪೇನೂ ಅಲ್ಲ, ಹೊಟ್ಟೆಪಾಡು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರು ಡಬ್ಲ್ಯೂಆರ್-315 ಎಂಬ, ನಾಡತಳಿ ಮೂಲದ ಹಳೇ ಕಡ್ಲಿಯೊಂದನ್ನು ಹುಡುಕಿ ತೆಗೆದರು. ಅಂಗಡಿಯಲ್ಲಿ ಅದನ್ನು ಕೇಳಿದವರಿಲ್ಲ. ಆದರೆ ಸೊರಗು ರೋಗ ಅದಕ್ಕೆ ತಾಕದು. ಅದನ್ನು ಅಣ್ಣಿಗೇರಿಗೆ ಕೂಡಿಸಿ, ಹುಟ್ಟಿದ ಸಸಿಗಳಲ್ಲಿ ಆ ಗುಣ ಬಂದವನ್ನಷ್ಟೇ ಆರಿಸಿ, ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸುತ್ತ ಹೋದರು. 2019ರಲ್ಲಿ 'ಸೂಪರ್ ಅಣ್ಣಿಗೇರಿ-1' ಹೊರಬಂತು. ಆ ಹಳೇ ಬೀಜವನ್ನು ಯಾರೋ ಕೆಲಸಕ್ಕೆ ಬಾರದ್ದೆಂದು ಹುರಿದು ತಿಂದಿದ್ದರೆ?

ದ್ರಾಕ್ಷಿಯದ್ದೂ ಇದೇ ಕಥೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಹೇನಿನಂಥ ಹುಳ ಫ್ರಾನ್ಸಿನ ಬಳ್ಳಿಗಳ ಬೇರು ಹೀರಿ ತೋಟಗಳನ್ನೇ ಹಾಳುಗೆಡವಿತು. ಕಡೆಗೆ ಅಮೆರಿಕದ ಕಾಡುಬಳ್ಳಿಯ ಬೇರಿಗೆ ಫ್ರಾನ್ಸಿನ ಬಳ್ಳಿ ಕಸಿ ಕಟ್ಟಿ ವೈನಿನ ಉದ್ಯೋಗ ಉಳಿಸಿಕೊಂಡರು. ಅಷ್ಟು ದೂರ ಯಾಕೆ, ವಿಜಯಪುರದ ತೋಟಗಳಲ್ಲಿ ಉಪ್ಪು ನೀರು, ಬರ ತಾಳಿಕೊಳ್ಳಲಿ ಎಂದು ಕೆಳಗೆ ನೆಡುವ ಡಾಗ್ರಿಡ್ಜ್ ಬೇರಿನ ಮೂಲವೂ ಟೆಕ್ಸಾಸಿನ ಕಾಡುದ್ರಾಕ್ಷಿಯೇ.

ಈಗ ಕಡ್ಲಿಗೆ ಮತ್ತೊಂದು ಪೀಡೆ ಹೆಚ್ಚುತ್ತಿದೆ. ಹೂ ಕಾಯಿ ಹೊತ್ತಿಗೆ ಬಿಸಿಲು ಏರಿ ನೆಲ ಒಣಗಿದರೆ ಒಣ ಬೇರು ಕೊಳೆ ರೋಗ ಹಿಡಿಯುತ್ತದೆ. ನವಲಗುಂದ, ಕುಂದಗೋಳದ ಎರಿ ಹೊಲಕ್ಕೆ ಇದು ದೂರದ ಮಾತಲ್ಲ. ಇದಕ್ಕೆ ಉತ್ತರ ಯಾವ ಬೀಜದೊಳಗೆ ಅಡಗಿದೆಯೋ! ಇಕ್ರಿಸ್ಯಾಟ್ ಭಂಡಾರದಲ್ಲಿ 20 ಸಾವಿರಕ್ಕೂ ಹೆಚ್ಚು ಬಗೆಯ ಕಡ್ಲಿ ಇದೆ ನಿಜ. ಅಲ್ಲಿಗೆ ಹೋಗದೇ ಉಳಿದದ್ದು ಊರೂರಿನ ಅಜ್ಜಿಯರು ಬೂದಿ ಕಲಸಿಟ್ಟ ಗಡಿಗೆಯಲ್ಲಿ.

"ಹಳೇ ಬೀಜ ಯಾಕ್ರಿ, ಸಬ್ಸಿಡ್ಯಾಗ ಹೊಸಾದು ಸಿಗತೈತಲ್ಲ" ಅನ್ನುವ ರೈತನನ್ನು ಬೈದು ಫಲವಿಲ್ಲ. ರೈತ ಸಂಪರ್ಕ ಕೇಂದ್ರದ ಮುಂದೆ ಪಾಳಿ ಹಚ್ಚಿದರೆ ಕೈಗೆ ಬರುವುದು ಒಂದೆರಡೇ ಹೆಸರಿನ ಚೀಲ. ಅಡತಿ ಅಂಗಡಿಯಲ್ಲಿ ಕಾಳಿನ ಗಾತ್ರ, ಬಣ್ಣ ನೋಡುತ್ತಾರೆ, ತಳಿ ಯಾವುದೆಂದು ಕೇಳುವುದಿಲ್ಲ. ಎಲ್ಲಾ ಒಂದೇ ರಾಶಿ. ಬೇರೆ ದರವಿಲ್ಲದ ಮಾಲನ್ನು ಬೇರೆಯಾಗಿ ಬೆಳೆಯಲು ರೈತನಿಗೇನು ಹುಚ್ಚೇ?

ಅಣ್ಣಿಗೇರಿ ಮಾರುಕಟ್ಟೆಯಲ್ಲಿ ಅಣ್ಣಿಗೇರಿ ಕಡ್ಲಿಗೆ ಬೇರೆ ರಾಶಿ, ಬೇರೆ ಸವಾಲು ನಡೆಸಲು ವ್ಯಾಪಾರಸ್ಥರು ಮನಸ್ಸು ಮಾಡಿದರೆ ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಧಾರವಾಡದ ಕೃಷಿ ಮೇಳದಲ್ಲಿ ಟ್ರ್ಯಾಕ್ಟರ್ ಮಳಿಗೆಗಳ ನಡುವೆ ಒಂದು ಮೇಜು ಹಾಕಿ, ರೈತರು ತಂದ ಹಳೇ ಬೀಜಗಳ ನೋಂದಣಿಗೆ ಅರ್ಜಿ ಬರೆಸಬಹುದು. ರೈತರ ಸ್ವಂತ ತಳಿ ನೋಂದಾಯಿಸಲು 2001ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಇದು ಹಿಂಗಾರಿ ಬಿತ್ತಿಗೆಗೆ ಮೊದಲೇ ಆಗಬೇಕು. ಗಡಿಗೆಯ ಬೀಜವನ್ನು ನಾಲ್ಕೈದು ವರ್ಷ ಬಿತ್ತದೇ ಬಿಟ್ಟರೆ ಅದು ಮೊಳೆಯುತ್ತದೆಂಬ ಭರವಸೆ ಇಲ್ಲ.