ರೋಗ ತೋರಿಸಿದ ರೈತನಿಗೆ ಮೊದಲು ಪರಿಹಾರ ಕೊಡಿ

ನಂಜನಗೂಡು ಕಡೆಯ ತೋಟವೊಂದರಲ್ಲಿ ನಿಂತಿದ್ದೆ. ಬಾಳೆಯ ಅಡಿ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು ದಿಂಡಿಗೆ ಜೋತುಬಿದ್ದಿದ್ದವು. ಗಡ್ಡೆ ಸೀಳಿದರೆ ಒಳಗೆಲ್ಲ ಕೆಂಗಂದು ಗೆರೆ. ತೋಟದ ಯಜಮಾನರು ಮಚ್ಚು ಕೆಳಗಿಟ್ಟು, ‘ಯಾರಿಗೂ ಹೇಳಬೇಡಿ ಸ್ವಾಮಿ. ಗೊತ್ತಾದರೆ ನನ್ನ ಗೊನೆಯನ್ನೂ ಕೇಳೋರಿಲ್ಲ, ಕಂದನ್ನೂ ಕೇಳೋರಿಲ್ಲ’ ಎಂದರು.

ಪನಾಮಾ ಸೊರಗು ರೋಗಕ್ಕೆ ಈ ಅಂಜಿಕೆಯೇ ಗೊಬ್ಬರ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಒಮ್ಮೆ ಮಣ್ಣು ಸೇರಿದರೆ ದಶಕಗಳ ಕಾಲ ಅಲ್ಲೇ ಬದುಕುತ್ತದೆ. ರೋಗ ಹಿಡಿದ ಗಿಡವನ್ನು ಉಳಿಸುವ ರಾಸಾಯನಿಕ ಇಲ್ಲ. ಆದರೂ ಬುಡಕ್ಕೆ ಔಷಧಿ ಸುರಿಯಿರಿ ಎಂದು ರೈತನ ಜೇಬು ಖಾಲಿ ಮಾಡಿಸುವುದು ದ್ರೋಹ. ಕಂದು, ಟಿಲ್ಲರ್ ಚಕ್ರದ ಕೆಸರು, ತೊಳೆಯದ ಮಚ್ಚು, ಮೇಲಿನ ತೋಟದಿಂದ ಹರಿದುಬರುವ ನೀರು ಇವೆಲ್ಲ ರೋಗವನ್ನು ಹೊತ್ತೊಯ್ಯುತ್ತವೆ.

ಲ್ಯಾಟಿನ್ ಅಮೆರಿಕದ ಗ್ರೋ ಮಿಷೆಲ್ ಬಾಳೆ 1960ರ ದಶಕದ ಹೊತ್ತಿಗೆ ಈ ರೋಗಕ್ಕೆ ಸಿಕ್ಕಿ ರಫ್ತು ಮಾರುಕಟ್ಟೆಯಿಂದಲೇ ಮರೆಯಾಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ನಂಜನಗೂಡು ರಸಬಾಳೆಯನ್ನೂ ಇದೇ ರೋಗ ಮೂಲೆಗೆ ತಳ್ಳಿತು. ಜಿ-9 ಬಾಳೆಗೆ ಈ ಭಯವಿಲ್ಲ ಎಂದುಕೊಂಡಿದ್ದೆವು. ಟಿಆರ್-4 ಎಂಬ ಹೊಸ ತಳಿಯ ಶಿಲೀಂಧ್ರ ಅದನ್ನೂ ಬಿಡುವುದಿಲ್ಲ. ಬಿಹಾರದ ಕಟಿಹಾರ್, ಪೂರ್ಣಿಯಾಗಳಲ್ಲಿ ಅದು ಆಗಲೇ ತೋಟಗಳನ್ನು ಒಣಗಿಸಿದೆ. ಅಂಗಾಂಶ ಕೃಷಿಯ ಸಸಿ ಶುದ್ಧವಾಗಿದ್ದರೂ ಮಣ್ಣು ಕೆಟ್ಟಿದ್ದರೆ ಉಳಿಯದು.

ಕಂದು ಸಾಗಣೆಗೆ ತಪಾಸಣೆ ಬೇಕೆಂದರೆ, ಅದು ರೈತರಿಗೆ ಕಿರುಕುಳ ಎನ್ನುವವರಿದ್ದಾರೆ. ಪರಿಹಾರ ಕೊಡದೆ ತಪಾಸಣೆ ಮಾಡಿದರೆ ಅವರ ಮಾತೇ ನಿಜವಾಗುತ್ತದೆ. ಹಾಗೆಂದು ತಪಾಸಣೆಯನ್ನೇ ಬಿಟ್ಟರೆ ನಷ್ಟ ಹೊರುವವನು ಪಕ್ಕದ ತೋಟದ ರೈತ. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಟಿಆರ್-4 ಕಂಡಾಗ ಮೊದಲ ರೋಗಪೀಡಿತ ತೋಟವನ್ನು ಬೆಳೆಗಾರರ ಸಂಘವೇ ಸರ್ಕಾರದ ನೆರವಿನಿಂದ ಕೊಂಡು ಮುಚ್ಚಿತು. ಮುಂದಿನ ಐದು ವರ್ಷಗಳಲ್ಲಿ ರೋಗ ಮುಟ್ಟಿದ್ದು ಬೆರಳೆಣಿಕೆಯ ತೋಟಗಳನ್ನಷ್ಟೇ.

ರೋಗ ತಗುಲಿದ ಸಸ್ಯಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗದಂತೆ ತಡೆಯಲು ನಮ್ಮಲ್ಲಿ 1914ರ ಕಾಯ್ದೆಯೇ ಇದೆ. ಇಲ್ಲದಿರುವುದು ರೈತನ ಕೈಗೆ ಸಿಗುವ ಹಣ. ರೋಗ ಇದೆಯೆಂದು ತಾನೇ ಬಂದು ಹೇಳಿದವನಿಗೆ ಗಿಡದ ಲೆಕ್ಕದಲ್ಲಿ ಕೂಡಲೇ ಪರಿಹಾರ ಸಿಗಬೇಕು, ಬಾಳೆ ಬಿಟ್ಟು ಬೇರೆ ಬೆಳೆ ಹಾಕಲು ಬೀಜ, ಸಾಲ ಸಿಗಬೇಕು. ಮಣ್ಣು ಪರೀಕ್ಷೆ ಉಚಿತವಾಗಿರಬೇಕು. ಕಂದು ಮಾರುವವರು ತೋಟದ ಪ್ರಮಾಣಪತ್ರ ತೋರಿಸಬೇಕು.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಆ ಯಜಮಾನರು ಅಂದು ಬಾಯಿ ಮುಚ್ಚಿಕೊಂಡರು. ಅವರ ತೋಟದ ಕಂದು ಈಗ ಯಾವ ಊರಿನ ಮಣ್ಣಿನಲ್ಲಿದೆಯೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಸರ್ಕಾರವನ್ನೂ ಅದು ಕಾಡಬೇಕು.