ಅನ್ನನಾಳಕ್ಕೆ ‘ಪೋಯಮ್’ ಚಿಕಿತ್ಸೆ: ನುಂಗಲು ಬಂದರಷ್ಟೇ ಸಾಕೆ?

ಹೊಟ್ಟೆಯ ಮೇಲೆ ಗಾಯವಿಲ್ಲದೆ, ಬಾಯಿಯ ಮೂಲಕವೇ ಎಂಡೊಸ್ಕೋಪ್ ಇಳಿಸಿ ಅನ್ನನಾಳದ ಸ್ನಾಯುವನ್ನು ಕತ್ತರಿಸುವ ‘ಪೋಯಮ್’ ಚಿಕಿತ್ಸೆ ಭಾರತದ ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಈಗ ಹೊಸದಲ್ಲ. ವರ್ಷಗಟ್ಟಲೆ ಒಂದು ಲೋಟ ನೀರನ್ನೂ ನೆಮ್ಮದಿಯಿಂದ ನುಂಗಲಾಗದೆ ಬಳಲಿದವರು ಕೆಲವೇ ದಿನಗಳಲ್ಲಿ ಊಟ ಮಾಡತೊಡಗುತ್ತಾರೆ. ರೋಗ ವಾಸಿಯಾಯಿತೆಂದು ಅವರು ಭಾವಿಸುವುದು ಸಹಜ. ವಾಸ್ತವವಾಗಿ ವಾಸಿಯಾಗಿರುವುದು ರೋಗದ ಲಕ್ಷಣ ಮಾತ್ರ.

ಈ ರೋಗದ ಹೆಸರು ಅಕಲೇಸಿಯಾ. ಅನ್ನನಾಳವು ಜಠರವನ್ನು ಸೇರುವಲ್ಲಿ ಉಂಗುರದಂತಹ ಸ್ನಾಯುವೊಂದಿದೆ. ತುತ್ತು ಬಂದಾಗ ಸಡಿಲಗೊಳ್ಳಲು ಅದಕ್ಕೆ ಸೂಚನೆ ನೀಡುವ ನರಕೋಶಗಳು ನಶಿಸಿದರೆ ದಾರಿ ಬಿಗಿದುಕೊಳ್ಳುತ್ತದೆ. ಅನ್ನನಾಳದ ತಳ್ಳುವ ಶಕ್ತಿಯೂ ಕುಂದುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಅಪರೂಪದ ಕಾಯಿಲೆಯಿದು. ಮುದ್ದೆಯಷ್ಟೇ ಅಲ್ಲ, ಮಜ್ಜಿಗೆಯೂ ಎದೆಯಲ್ಲಿ ನಿಲ್ಲುವುದು ಇದರ ಗುರುತು. ಆದರೂ ‘ಗ್ಯಾಸ್ಟ್ರಿಕ್’ ಎಂಬ ಸರ್ವರೋಗನಾಮದಡಿ ಎಷ್ಟೋ ಮಂದಿ ವರ್ಷಗಳ ಕಾಲ ಮಾತ್ರೆ ನುಂಗುತ್ತಲೇ ಇರುತ್ತಾರೆ.

1674ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ತಿಮಿಂಗಿಲದ ಎಲುಬಿಗೆ ಸ್ಪಂಜು ಕಟ್ಟಿ ರೋಗಿಯ ಅನ್ನನಾಳವನ್ನು ಹಿಗ್ಗಿಸಿದ್ದ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಶಸ್ತ್ರಕ್ರಿಯೆಯಿಂದ ಸ್ನಾಯುವನ್ನೇ ಕತ್ತರಿಸಿದ. 2008ರಲ್ಲಿ ಜಪಾನಿನ ಹರುಹಿರೊ ಇನೂಯೆ ಅದೇ ಕೆಲಸವನ್ನು ಎಂಡೊಸ್ಕೋಪ್‌ನಿಂದ, ಅನ್ನನಾಳದ ಒಳಪದರದಡಿ ಸುರಂಗ ಕೊರೆದು ಸಾಧಿಸಿದರು. ಈ ಮೂರೂ ಉಪಾಯಗಳು ಬಾಗಿಲನ್ನು ತೆರೆಯುತ್ತವೆ. ನಶಿಸಿದ ನರಕೋಶಗಳನ್ನು ಮರಳಿ ತರುವ ಚಿಕಿತ್ಸೆ ಇಂದಿಗೂ ಇಲ್ಲ.

ಬಾಗಿಲು ತೆರೆಯುವುದರಲ್ಲಿ ಪೋಯಮ್ ಸಮರ್ಥವೆಂಬುದು ನಿರ್ವಿವಾದ. 2019ರಲ್ಲಿ ಪ್ರಕಟವಾದ, 221 ರೋಗಿಗಳ ಯೂರೋಪಿನ ಅಧ್ಯಯನದಲ್ಲಿ ಎರಡು ವರ್ಷಗಳ ನಂತರ ಪೋಯಮ್ ಶೇ. 83ರಷ್ಟು, ಲ್ಯಾಪರೋಸ್ಕೋಪಿ ಶಸ್ತ್ರಕ್ರಿಯೆ ಸುಮಾರು ಶೇ. 82ರಷ್ಟು ಯಶಸ್ಸು ಕಂಡವು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ಜಾಹೀರಾತುಗಳಲ್ಲಿ ಕಾಣಸಿಗುವುದು ಕಷ್ಟ: ಜಠರದ ಆಮ್ಲ ಮೇಲಕ್ಕೆ ಬಂದು ಅನ್ನನಾಳದಲ್ಲಿ ಉರಿಯೂತ ಉಂಟಾದವರು ಪೋಯಮ್ ಪಡೆದವರಲ್ಲಿ ಶೇ. 44, ಶಸ್ತ್ರಕ್ರಿಯೆಯವರಲ್ಲಿ ಶೇ. 29. ಶಸ್ತ್ರಕ್ರಿಯೆಯಲ್ಲಿ ಜಠರದ ಒಂದು ಭಾಗವನ್ನು ಮಡಿಚಿ ಆಮ್ಲಕ್ಕೆ ತಡೆ ಕಟ್ಟಲಾಗುತ್ತದೆ. ರೂಢಿಯ ಪೋಯಮ್‌ನಲ್ಲಿ ಆ ತಡೆಯಿಲ್ಲ. ಬಹುಪಾಲು ರೋಗಿಗಳಲ್ಲಿ ಇದು ಮಾತ್ರೆಗೆ ಬಗ್ಗುವಂಥದ್ದೇ. ಆದರೂ ದೀರ್ಘಕಾಲ ಆಮ್ಲ ತಾಗುತ್ತಿದ್ದರೆ ಅನ್ನನಾಳದ ಒಳಪದರ ಬದಲಾಗಿ, ‘ಬ್ಯಾರೆಟ್’ ಸ್ಥಿತಿಯ ಮೂಲಕ ಒಂದು ಬಗೆಯ ಕ್ಯಾನ್ಸರ್‌ಗೆ ಎಡೆಯಾಗಬಹುದು.

ಇನ್ನೊಂದು ಬಗೆಯ ಕ್ಯಾನ್ಸರ್‌ನ ಅಪಾಯ ಅಕಲೇಸಿಯಾದ ಜೊತೆಗೇ ಬಂದಿರುವಂಥದ್ದು. ಆಹಾರ ಅನ್ನನಾಳದಲ್ಲೇ ನಿಂತು ಕೊಳೆತು ಒಳಪದರವನ್ನು ಕೆರಳಿಸುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ನೆದರ್ಲೆಂಡ್ಸ್‌ನಲ್ಲಿ ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಪಡೆದ 448 ರೋಗಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ 15 ಮಂದಿಗೆ ಕ್ಯಾನ್ಸರ್ ಬಂದಿತು. ಸಾಮಾನ್ಯ ಜನರಿಗೆ ಹೋಲಿಸಿದರೆ ಇದು 28 ಪಟ್ಟು ಅಧಿಕ. ‘28 ಪಟ್ಟು’ ಎಂಬ ಮಾತು ಎದೆ ನಡುಗಿಸುವಂಥದ್ದು, ನಿಜ; ಆದರೆ ವರ್ಷದ ಲೆಕ್ಕದಲ್ಲಿ ಅದು ಸಾವಿರಕ್ಕೆ ಮೂರು-ನಾಲ್ಕು ಮಂದಿ. ಭೀತಿಗೆ ಕಾರಣವಿಲ್ಲ, ಉದಾಸೀನಕ್ಕೂ ಆಸ್ಪದವಿಲ್ಲ.

ಆ ವರದಿಯ ಮುಖ್ಯ ಸಂಗತಿ ಕಾಲಾವಧಿ. ರೋಗಲಕ್ಷಣ ಆರಂಭವಾದ ಸರಾಸರಿ 24 ವರ್ಷಗಳ ನಂತರ ಕ್ಯಾನ್ಸರ್ ಪತ್ತೆಯಾಯಿತು. ಪೋಯಮ್ ಆರಂಭವಾದದ್ದೇ 2008ರಲ್ಲಿ. ಅದು ಈ ಅಪಾಯವನ್ನು ತಗ್ಗಿಸುವುದೋ ಇಲ್ಲವೋ ಎಂದು ಹೇಳಬಲ್ಲಷ್ಟು ಕಾಲ ಇನ್ನೂ ಕಳೆದಿಲ್ಲ. ಹೀಗಿರುವಾಗ ‘ಶಾಶ್ವತ ಪರಿಹಾರ’ ಎಂಬ ಆಶ್ವಾಸನೆಗೆ ಆಧಾರವೆಲ್ಲಿದೆ?

ಹಾಗಾದರೆ ಪ್ರತಿಯೊಬ್ಬರಿಗೂ ಪದೇ ಪದೇ ಎಂಡೊಸ್ಕೋಪಿ ಬೇಕೆ? ಈ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಲಕ್ಷಣ ಕಾಣಿಸಿಕೊಂಡು ಹತ್ತು-ಹದಿನೈದು ವರ್ಷ ಕಳೆದವರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಸೂಕ್ತವೆನ್ನುವವರಿದ್ದಾರೆ. ಆದರೆ ಡಚ್ ಅಧ್ಯಯನದಲ್ಲಿ ನಿಯಮಿತ ಪರೀಕ್ಷೆ ನಡೆದಿದ್ದರೂ ಹೆಚ್ಚಿನ ಗೆಡ್ಡೆಗಳು ಬಲಿತ ಮೇಲೆಯೇ ಗೋಚರಿಸಿದವು. ಹಿಗ್ಗಿದ ಅನ್ನನಾಳದಲ್ಲಿ ಗೆಡ್ಡೆ ದಾರಿಯನ್ನು ಮುಚ್ಚಲು ಬಹುಕಾಲ ಬೇಕು. ನುಂಗಲು ಮತ್ತೆ ತೊಡಕಾದರೆ ಹಳೆಯ ಕಾಯಿಲೆಯೇ ಮರಳಿತೆಂದು ರೋಗಿಯೂ ವೈದ್ಯರೂ ತಿಳಿಯುತ್ತಾರೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರ್ ಬಹುಕಾಲದಿಂದ ಪ್ರಮುಖ ಸ್ಥಾನದಲ್ಲಿದೆ. ಇಲ್ಲಿ ಅದಕ್ಕೆ ಮುಖ್ಯ ಕಾರಣಗಳು ತಂಬಾಕು, ಮದ್ಯಗಳೇ ಹೊರತು ಅಕಲೇಸಿಯಾ ಅಲ್ಲ. ಆದರೆ ಅಕಲೇಸಿಯಾ ಇದ್ದು, ಹೊಗೆಸೊಪ್ಪನ್ನೂ ಜಗಿಯುವವರ ತಲೆಯ ಮೇಲೆ ಎರಡೂ ಅಪಾಯಗಳು ತೂಗುತ್ತಿರುತ್ತವೆ. ಚಿಕಿತ್ಸೆಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬಂದು, ಊಟ ಸೇರತೊಡಗಿದ ಮೇಲೆ ಮತ್ತೆ ಬಸ್ಸು ಹತ್ತಲು ಇವರಿಗೆ ಕಾರಣವೇ ಕಾಣದು. ತಂಬಾಕು ಬಿಡಬೇಕು, ಎದೆಯುರಿ ಇಲ್ಲದಿದ್ದರೂ ಆಮ್ಲದ ಪರೀಕ್ಷೆ ಆಗಬೇಕು, ನುಂಗುವ ತೊಡಕು ಮರಳಿದರೆ ತಡಮಾಡದೆ ಎಂಡೊಸ್ಕೋಪಿ ಮಾಡಿಸಬೇಕು ಎಂಬ ಸೂಚನೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದಿರಬೇಕು. ಊರಿನ ವೈದ್ಯರ ಕೈಗೂ ಆ ಚೀಟಿಯ ಪ್ರತಿ ಸೇರಬೇಕು.