ರಾಜಾವಳೀ ಕಥೆಗೆ ತೊಡಿಸಿದ ಚೌಕಟ್ಟುಗಳು

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದರ ಹೆಸರಿನೊಡನೆ ಬೆಸೆದುಕೊಂಡಿರುವ ಪ್ರಾಚೀನ ಜೈನಕ್ಷೇತ್ರ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಅಲ್ಲಿಯ ದೇವಚಂದ್ರನು ರಚಿಸಿದ ‘ರಾಜಾವಳೀ ಕಥೆ’ಯಷ್ಟು ಉಲ್ಲೇಖಗೊಂಡೂ ಇಡಿಯಾಗಿ ಓದಿಸಿಕೊಳ್ಳದ ಗ್ರಂಥ ಕನ್ನಡದಲ್ಲಿ ವಿರಳ. ಇದಕ್ಕೆ ಗ್ರಂಥದ ಗುಣದೋಷಗಳಿಗಿಂತ, ಅದಕ್ಕೆ ನಾವು ತೊಡಿಸಿದ ಚೌಕಟ್ಟುಗಳೇ ಹೆಚ್ಚು ಕಾರಣವೆಂದು ನನ್ನ ಭಾವನೆ.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರು ಸೀಮೆಯ ಸರ್ವೆಗೆಂದು ಬಂದ ಕಾಲಿನ್ ಮೆಕೆಂಜಿಯು ದೇವಚಂದ್ರನಿಂದ ಪೂರ್ವವೃತ್ತಾಂತಗಳನ್ನು ಕೇಳಿ ತಿಳಿದನು. ಅವನಿಗೆ ಬೇಕಾದುದು ಮಾಹಿತಿ. ಮುಂದೆ ಗ್ರಂಥವು ಸಿದ್ಧವಾದದ್ದು ಮೈಸೂರು ರಾಜಮನೆತನದ ದೇವೀರಮ್ಮಣ್ಣಿಯವರಿಗಾಗಿ. ಅರಮನೆಗೆ ಪ್ರಿಯವಾದುದು ವಂಶಪರಂಪರೆ. ದೇವಚಂದ್ರನಾದರೋ ಪುರಾಣ, ರಾಜವಂಶ, ಕವಿವೃತ್ತಾಂತ, ಸ್ಥಳೀಯ ಐತಿಹ್ಯಗಳೆಲ್ಲವನ್ನೂ ಜೈನ ಕಾಲಕಲ್ಪನೆಯ ಒಂದೇ ಸೂತ್ರದಲ್ಲಿ ಪೋಣಿಸಿದನು. ಇದು ಅವನೇ ಹಾಕಿಕೊಂಡ ಚೌಕಟ್ಟು.

1889ರಲ್ಲಿ ಬಿ. ಎಲ್. ರೈಸ್ ಶ್ರವಣಬೆಳಗೊಳದ ಶಾಸನಸಂಪುಟವನ್ನು ಪ್ರಕಟಿಸುವಾಗ ಈ ಗ್ರಂಥದ ಭದ್ರಬಾಹು–ಚಂದ್ರಗುಪ್ತ ಕಥಾಭಾಗವನ್ನು ಬಳಸಿಕೊಂಡರು. ಕಥೆಯೊಳಗೆ ಚಂದ್ರಗುಪ್ತನು ಕಾಣುವ ಹದಿನಾರು ಕನಸುಗಳು ಪಂಚಮಕಾಲದಲ್ಲಿ ಧರ್ಮವು ಕ್ಷೀಣಿಸುವುದರ ಮುನ್ಸೂಚನೆಗಳು, ರಾಜ್ಯತ್ಯಾಗಕ್ಕೆ ಪ್ರೇರಣೆ. ಶಾಸನಗಳ ಪಕ್ಕದಲ್ಲಿ ನಿಂತೊಡನೆ ಅದೇ ಭಾಗವು ‘ಮೌರ್ಯ ಚಕ್ರವರ್ತಿ ಬೆಳಗೊಳಕ್ಕೆ ಬಂದನೇ?’ ಎಂಬ ವಿವಾದದ ಸಾಕ್ಷ್ಯವಾಯಿತು. ಫ್ಲೀಟ್ ಮೊದಲಾದವರು ಅದನ್ನು ಒಪ್ಪಲಿಲ್ಲ. ವಾದಿಗಳಿಗೂ ಪ್ರತಿವಾದಿಗಳಿಗೂ ಕನಸುಗಳು ಬೇಕಾಗಲಿಲ್ಲ.

ಕಂತಿಯ ಪ್ರಸಂಗದಲ್ಲಿಯೂ ಹೀಗೆಯೇ. ನಾಗಚಂದ್ರನೊಡನೆ ಸ್ಪರ್ಧಿಸಿದ ಈ ಕವಯಿತ್ರಿಯ ಕಥೆಗೆ ದೇವಚಂದ್ರನೇ ಮುಖ್ಯ ಆಧಾರ. ಸಾಹಿತ್ಯಚರಿತ್ರೆಯು ಆಕೆ ಇದ್ದಳೋ ಇಲ್ಲವೋ ಎಂದು ಚರ್ಚಿಸಿತು. ಏಳು ಶತಮಾನಗಳ ಬಳಿಕವೂ ಒಬ್ಬ ಕವಯಿತ್ರಿಯ ನೆನಪನ್ನು ಜೈನ ಪರಂಪರೆ ಏಕೆ ಕಾಪಿಟ್ಟುಕೊಂಡಿತು ಎಂಬ ಪ್ರಶ್ನೆ ಹಿಂದೆ ಸರಿಯಿತು.

ಐತಿಹ್ಯವನ್ನು ಪರೀಕ್ಷಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಕ್ರಿ. ಪೂ. ಕಾಲದ ಘಟನೆಗೆ 19ನೆಯ ಶತಮಾನದ ಗ್ರಂಥವು ದುರ್ಬಲ ಸಾಕ್ಷಿಯೇ ಸರಿ. ಆದರೆ ರಾಜ್ಯವೊಂದು ಕೈಬದಲಾಗಿ ಹಳೆಯ ಆಶ್ರಯಗಳು ಅಲುಗಾಡುತ್ತಿದ್ದ ಕಾಲದಲ್ಲಿ, ಒಂದು ಸಣ್ಣ ಸಮುದಾಯವು ತನ್ನ ಗತವನ್ನು ಹೇಗೆ ಕಂಡುಕೊಂಡಿತು ಎಂಬುದಕ್ಕೆ ಅದಕ್ಕಿಂತ ಪ್ರಬಲ ಸಾಕ್ಷಿ ಬೇರಾವುದಿದೆ?

ಸಂಶೋಧನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ‘ರಾಜಾವಳೀ ಕಥೆ’ಯಿಂದ ಒಂದು ವಾಕ್ಯವನ್ನು ಎತ್ತಿಕೊಳ್ಳುವ ಮುನ್ನ ಅದು ಬರುವ ಅಧಿಕಾರವನ್ನು ಪೂರ್ತಿಯಾಗಿ ಓದಿರಿ, ಹಿಂದೆ ಯಾವ ಕಥೆಯಿದೆ, ಮುಂದೆ ಯಾವುದು ಬರುತ್ತದೆ ಎಂಬುದನ್ನು ಗುರುತಿಸಿರಿ. ಆಮೇಲೆ ಅದನ್ನು ಒಪ್ಪುವುದೋ ಬಿಡುವುದೋ ನಿಮಗೆ ಸೇರಿದ್ದು.